ಹೆಪ್ಪು ಬೇಡದ ಗಡಿಗೆ

ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ದೀಪ ಮುಟ್ಟಿ ಹೇಳುತ್ತೇನೆ. ಸುಳ್ಳಾದರೆ ಮೀಸೆ ಬೋಳಿಸಿಕೊಳ್ಳುತ್ತೇನೆ. ಹೋದ ಸಲವೂ ಹೀಗೇ ಹೇಳಿದ್ದಿರಿ, ಈಗ ಮೀಸೆ ಎಲ್ಲಿ ಎಂದು ಕೇಳುವವರಿಗೆ ಉತ್ತರ ಕೊಡಲು ಇದು ಸಮಯವಲ್ಲ.

ನನ್ನ ಅಕ್ಕನ ಮಗಳು ಶಿವಲೀಲಾ ಈ ವರ್ಷ ಜೀವಶಾಸ್ತ್ರ ತೆಗೆದುಕೊಂಡಿದ್ದಾಳೆ. ಆ ವಿಷಯವನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಬೇರೆ ಯಾರೂ ಹೇಳದಿರುವುದರಿಂದ ನಾನೇ ಹೇಳಬೇಕಾಗಿದೆ. ಅವಳು ಪುಸ್ತಕ ಹಿಡಿದು ನನ್ನ ಮುಂದೆ ಕುಳಿತು ಕೇಳಿದಳು:

"ಮಾವ, ಒಂದಕ್ಕೆ ಜೀವ ಇದೆ ಎಂದು ಹೇಗೆ ತಿಳಿಯುವುದು? ಇದರಲ್ಲಿ ಬರೆದಿದೆ, ಜೀವ ಇರುವುದು ಉಣ್ಣುತ್ತದೆ, ಬೆಳೆಯುತ್ತದೆ, ತನ್ನಂಥದನ್ನು ಹುಟ್ಟಿಸುತ್ತದೆ, ಸಾಯುತ್ತದೆ. ಒಲೆಯ ಬೆಂಕಿಯೂ ಸೌದೆ ಉಣ್ಣುತ್ತದೆ, ಬೆಳೆಯುತ್ತದೆ, ಪಕ್ಕದ ಬಣವೆಯಲ್ಲಿ ಮರಿ ಹಾಕುತ್ತದೆ, ನೀರು ಬಿದ್ದರೆ ಸಾಯುತ್ತದೆ. ಹಾಗಾದರೆ ಬೆಂಕಿಗೆ ಜೀವ ಇದೆಯೇ?"

ಪ್ರಶ್ನೆ ಚೆನ್ನಾಗಿತ್ತು. ನನ್ನ ಸೋದರಸೊಸೆ ಅಲ್ಲವೇ, ಚೆನ್ನಾಗಿಯೇ ಇರುತ್ತದೆ. ನಾನು ಪುಸ್ತಕ ಮುಚ್ಚಿಸಿ ಈ ಕತೆ ಹೇಳಿದೆ.

ಒಂದು ಊರಿನಲ್ಲಿ ಒಬ್ಬ ಮೊಸರಿನ ವ್ಯಾಪಾರಿ ಇದ್ದ. ಅವನ ಬಳಿ ಒಂದು ಕಪ್ಪು ಗಡಿಗೆ ಇತ್ತು. ಎಲ್ಲರ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಈ ಗಡಿಗೆಗೆ ಹೆಪ್ಪು ಬೇಕಿರಲಿಲ್ಲ. ಸಂಜೆ ಬೆಚ್ಚಗಿನ ಹಾಲು ಹೊಯ್ದು ಬಟ್ಟೆ ಕಟ್ಟಿದರೆ ಬೆಳಿಗ್ಗೆ ಗಟ್ಟಿ ಮೊಸರಾಗಿರುತ್ತಿತ್ತು. ಎಂಥ ಮೊಸರು? ಕಾಗೆ ಬಂದು ಅದರ ಮೇಲೆ ಕುಳಿತು, ರೆಕ್ಕೆ ಕೊಡವಿ, ಹಾರಿಹೋದರೆ ಉಗುರಿನ ಗುರುತೂ ಉಳಿಯುತ್ತಿರಲಿಲ್ಲ. ನಾನು ಹುಟ್ಟುವುದಕ್ಕೆ ಬಹಳ ಮುಂಚಿನ ಮಾತು ಇದು. ಆದರೂ ಆ ಕಾಗೆಯನ್ನು ನಾನು ಬಲ್ಲೆ.

ಆ ಗಡಿಗೆಯ ಒಳಗನ್ನು ವ್ಯಾಪಾರಿ ಎಂದೂ ಉಜ್ಜುತ್ತಿರಲಿಲ್ಲ. ತಣ್ಣೀರು ಆಡಿಸಿ ಬೋರಲು ಹಾಕುತ್ತಿದ್ದ, ಅಷ್ಟೇ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ವ್ಯಾಪಾರಿ ತೀರಿಕೊಂಡ. ಇಬ್ಬರು ಗಂಡುಮಕ್ಕಳು ಪಾಲಾದರು. ಅಣ್ಣ ಗಡಿಗೆ ಕೇಳಿದ, ತಮ್ಮನಿಗೆ ಎಮ್ಮೆ ಬಂತು. ಆ ಬೆಳಗಿನ ಮೊಸರು ಇನ್ನೂ ಗಡಿಗೆಯಲ್ಲೇ ಇತ್ತು. ಅದನ್ನೂ ಎರಡು ಬಟ್ಟಲಿಗೆ ಹಂಚಿದರು.

ಅಣ್ಣ ಗಡಿಗೆಯನ್ನು ತನ್ನ ಮನೆಗೆ ತಂದ. ಇಷ್ಟು ಮಹಿಮೆಯ ಗಡಿಗೆಯನ್ನು ಮೈಲಿಗೆಯಲ್ಲಿ ಇಡಬಾರದು ಎಂದುಕೊಂಡ. ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿದ. ಕುದಿಯುವ ನೀರು ಹೊಯ್ದ. ಕೆಂಡದ ಮೇಲೆ ಬೋರಲು ಹಾಕಿದ. ಆಮೇಲೆ ವಿಭೂತಿ ಬಳಿದು, ಹೂವಿಟ್ಟು, ಕೈಮುಗಿದು, ಹಾಲು ಹೊಯ್ದ.

ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು.

ಮರುದಿನವೂ ಹಾಗೆಯೇ. ಇನ್ನಷ್ಟು ಹೂವಿಟ್ಟ. ಹಾಲು ಕೆಟ್ಟು ನಾತ ಹೊಡೆಯಿತೇ ಹೊರತು ಮೊಸರಾಗಲಿಲ್ಲ. ಅದೇ ಹೊತ್ತಿಗೆ ತಮ್ಮ ಸಂತೆಯಿಂದ ತಂದ ಹೊಸ ಗಡಿಗೆಯಲ್ಲಿ ಮೊಸರು ಮಾಡಿ ಮಾರುತ್ತಿದ್ದ. ಕೊಂಡವರು ಅಣ್ಣನ ಬಾಗಿಲಲ್ಲಿ ನಿಂತೇ ಹೇಳಿದರು: "ನಿಮ್ಮ ಅಪ್ಪನ ಮೊಸರಿನ ರುಚಿಯೇ ಕಣಯ್ಯಾ. ಕಣ್ಣು ಮುಚ್ಚಿ ತಿಂದರೆ ಅವನೇ ಬಡಿಸಿದ ಹಾಗಿದೆ."

ಅಣ್ಣ ಊರಿನ ಪಟೇಲರ ಬಳಿಗೆ ಹೋದ. "ನನ್ನ ತಮ್ಮ ಮಾಟ ಮಾಡಿದ್ದಾನೆ. ಗಡಿಗೆಯ ಸತ್ವವನ್ನು ಎಳೆದುಕೊಂಡಿದ್ದಾನೆ" ಎಂದ.

ಮಾಟ ಮಾಡಿದವನನ್ನು ಆ ಊರಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೆಂಡತಿ ಮಕ್ಕಳ ಸಮೇತ ಗಡಿ ದಾಟಿಸುತ್ತಿದ್ದರು. ಚಾವಡಿಯಲ್ಲಿ ಊರು ಸೇರಿತು. ತಮ್ಮನ ಹೆಂಡತಿ ಆಗಲೇ ಪಾತ್ರೆಗಳನ್ನು ಗಂಟು ಕಟ್ಟಿಟ್ಟು ಬಂದಿದ್ದಳು.

"ಏನಪ್ಪಾ ಮಾಡಿದೆ?" ಎಂದು ಪಟೇಲರು ತಮ್ಮನನ್ನು ಕೇಳಿದರು.

"ಪಾಲಿಗೆ ಬಂದ ಮೊಸರು ಒಂದು ಚಮಚ ಉಳಿದಿತ್ತು. ಹೆಪ್ಪು ಹಾಕಿದೆ. ಊರವರೆಲ್ಲ ಮಾಡುವುದನ್ನೇ ನಾನೂ ಮಾಡಿದ್ದು."

"ಸುಳ್ಳು" ಎಂದ ಅಣ್ಣ. "ಅಪ್ಪ ಹುಟ್ಟಿದಾಗಿನಿಂದ ಒಂದು ಹನಿ ಹೆಪ್ಪು ಹಾಕಿದವನಲ್ಲ. ಗಡಿಗೆಯೇ ಮಾಡುತ್ತಿತ್ತು. ಇವನ ಕೈ ಸೋಕಿದ್ದು ಎಲ್ಲವೂ ಈಗ ಮೊಸರಾಗುತ್ತದೆ."

"ಸೋಕಿದ್ದೆಲ್ಲ ಮೊಸರಾಗುವುದಾದರೆ ನಿನ್ನನ್ನು ಯಾಕೆ ಇನ್ನೂ ಮುಟ್ಟಿಲ್ಲ?" ಎಂದಳು ತಮ್ಮನ ಹೆಂಡತಿ.

ಜನ ನಕ್ಕರು. ಆಮೇಲೆ ಎಲ್ಲರೂ ಒಂದೊಂದು ಕಾರಣ ಹೇಳಿದರು. ಗಡಿಗೆ ಮುನಿಸಿಕೊಂಡಿದೆ ಎಂದ ಒಬ್ಬ. ಕೈಗುಣ ಎಂದ ಇನ್ನೊಬ್ಬ. ಪಟೇಲರು ಮಾತ್ರ ಮೀಸೆ ತಿರುವುತ್ತ ಹೇಳಿದರು: "ನನ್ನ ಕೇಳಿದರೆ, ಹಾಲು. ಅಣ್ಣ ಹಾಲನ್ನು ಹೊರಗಿನಿಂದ ಕೊಳ್ಳುತ್ತಾನೆ. ಅದರಲ್ಲಿ ಅರ್ಧ ನೀರು. ಅದು ಮೊಸರಾಗುವ ಹಾಲೇ ಅಲ್ಲ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ."

"ಹಾಗಾದರೆ ತೀರ್ಪು ಹೇಳಿಬಿಡಿ ಸ್ವಾಮಿ" ಎಂದರು ಜನ.

"ನನಗೆ ಅನುಮಾನವಿಲ್ಲ ಎಂಬುದು ನನ್ನ ಸುದ್ದಿಯಾಯಿತು, ಹಾಲಿನ ಸುದ್ದಿಯಲ್ಲ. ಒಂದು ಮನೆ ಊರು ಬಿಡುವ ಮಾತು ಇದು. ಹಾಲನ್ನೇ ಕೇಳೋಣ."

ಹಾಲನ್ನು ಹೇಗೆ ಕೇಳುವುದು ಎಂದು ಯಾರಿಗೂ ತಿಳಿಯಲಿಲ್ಲ. ಪಟೇಲರು ಅಣ್ಣ ಕೊಳ್ಳುವ ಹಾಲನ್ನೇ ತರಿಸಿದರು. ಒಂದೇ ಪಾತ್ರೆಯಲ್ಲಿ ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಮೂರು ಹೊಸ ಗಡಿಗೆಗಳಿಗೆ ಸಮನಾಗಿ ಹೊಯ್ಯಿಸಿದರು. ಗಡಿಗೆಗಳನ್ನೂ ಮೊದಲು ಕುದಿನೀರಿನಲ್ಲಿ ತೊಳೆಸಿದ್ದರು. ಮೊದಲ ಗಡಿಗೆಗೆ ತಮ್ಮ ತನ್ನ ಮೊಸರಿನ ಒಂದು ಚಮಚ ಹಾಕಿದ. ಎರಡನೆಯದಕ್ಕೆ ಅದೇ ಮೊಸರಿನ ಒಂದು ಚಮಚವನ್ನು ಅಣ್ಣ ಹಾಕಿದ. ಮೂರನೆಯದಕ್ಕೆ ಏನೂ ಹಾಕಲಿಲ್ಲ.

"ಈ ಮೂರನೆಯದರ ಮೇಲೆ ನಿನ್ನ ಮಾಟ ಮಾಡು" ಎಂದರು ಪಟೇಲರು ತಮ್ಮನಿಗೆ.

"ನನಗೆ ಬರುವುದಿಲ್ಲ ಸ್ವಾಮಿ."

"ಬರುವವನ ಹಾಗೆ ಮಾಡು. ಅನುಮಾನ ಇರುವವರು ನೋಡಿಕೊಳ್ಳಲಿ."

ಅವನು ನಾಚಿಕೊಂಡು ಗಡಿಗೆಯ ಮೇಲೆ ಕೈ ಆಡಿಸಿದ. ಬಟ್ಟೆ ಕಟ್ಟಿದರು. ಪಟೇಲರು ಬಾಗಿಲಿಗೆ ಅಡ್ಡ ಮಲಗಿದರು. ಅವರ ಗೊರಕೆಗೆ ಮೂರು ಊರಿನ ನಾಯಿಗಳು ಎದ್ದು ಬೊಗಳಿದವು. ಇದೂ ನಿಜ.

ಬೆಳಿಗ್ಗೆ ತೆರೆದರು. ಮೊದಲ ಗಡಿಗೆಯಲ್ಲಿ ಮೊಸರು. ಎರಡನೆಯದರಲ್ಲೂ ಮೊಸರು. ಮೂರನೆಯದರಲ್ಲಿ ಹಾಲು.

ಪಟೇಲರು ದೊಡ್ಡದಾಗಿ ನಕ್ಕರು. "ಮೊದಲು ಬಿದ್ದದ್ದು ನನ್ನ ಮಾತೇ. ನೀರು ಬೆರೆತ ಹಾಲೇ ಆದರೂ ಮೊಸರಾಯಿತು. ಕೈಗುಣವೂ ಅಲ್ಲ, ಅಣ್ಣ ಹಾಕಿದ್ದೂ ಮೊಸರಾಗಿದೆ. ಮಾಟವೂ ಅಲ್ಲ, ಮೂರನೆಯದು ಹಾಗೇ ಇದೆ."

"ಒಂದು ಬೆಳಗನ್ನು ನಂಬಿ ಹೇಗೆ ಹೇಳುತ್ತೀರಿ?" ಎಂದ ಅಣ್ಣ.

"ಸರಿಯಾಗಿ ಕೇಳಿದೆ" ಎಂದು ಪಟೇಲರು ಗಡಿಗೆಗಳನ್ನು ಮತ್ತೆ ಕುದಿನೀರಿನಲ್ಲಿ ತೊಳೆಸಿ, ಜಾಗ ಬದಲಿಸಿ, ಹೊಸ ಹಾಲು ಹೊಯ್ಯಿಸಿ, ಮತ್ತೊಮ್ಮೆ ಮಾಡಿಸಿದರು. ಹಾಲು ಅದೇ ಉತ್ತರ ಕೊಟ್ಟಿತು.

ಅಣ್ಣ ಬಿಡಲಿಲ್ಲ. "ಹಾಗಾದರೆ ಆ ಚಮಚದಲ್ಲಿ ಏನಿದೆ? ಬರೀ ಹುಳಿ ತಾನೇ? ಹುಳಿ ಸೇರಿದರೆ ಹಾಲು ಗಟ್ಟಿಯಾಗುತ್ತದೆ."

ಪಟೇಲರಿಗೂ ಹಾಗೆಯೇ ಅನಿಸಿತು. ಹಾಗನಿಸಿದ್ದರಿಂದಲೇ ಮತ್ತೆರಡು ಗಡಿಗೆ ಇಡಿಸಿದರು. ಒಂದಕ್ಕೆ ಮೊಸರನ್ನು ಹಾಗೇ ಹಾಕಿಸಿದರು. ಇನ್ನೊಂದಕ್ಕೆ ಅದೇ ಮೊಸರನ್ನು ಕುದಿಸಿ, ಆರಿಸಿ ಹಾಕಿಸಿದರು. ಹಾಕುವ ಮುಂಚೆ ಎರಡನ್ನೂ ಅಣ್ಣನ ನಾಲಿಗೆಗೆ ಇಟ್ಟರು. ಎರಡೂ ಒಂದೇ ಹುಳಿ ಎಂದು ಅವನೇ ಒಪ್ಪಿದ.

ಬೆಳಿಗ್ಗೆ ಹಸಿ ಮೊಸರು ಹಾಕಿದ ಗಡಿಗೆಯಲ್ಲಿ ಮೊಸರಾಗಿತ್ತು. ಕುದಿಸಿದ ಮೊಸರು ಹಾಕಿದ್ದು ಹಾಲಾಗಿಯೇ ಇತ್ತು.

ಪಟೇಲರು ನಿಧಾನವಾಗಿ ಕೇಳಿದರು: "ಎರಡೂ ಅದೇ ಬಿಳುಪು. ಎರಡೂ ಅದೇ ಹುಳಿ. ಕುದಿಸಿದಾಗ ಇದರಿಂದ ಹೋದದ್ದು ಏನು?"

ಅಣ್ಣ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಗಡಿಗೆಗೆ ಕುದಿನೀರು ಹೊಯ್ದವನು ನಾನು" ಎಂದ. "ಕೆಂಡದ ಮೇಲೆ ಹಾಕಿದವನೂ ನಾನೇ. ಅದರ ಮಣ್ಣಿನ ಸಂದಿಯಲ್ಲಿ ಏನೋ ಇತ್ತು. ಅಪ್ಪನ ಕಾಲದಿಂದ ಇತ್ತು. ದಿನಾ ಹಾಲು ಕುಡಿದು ಬದುಕಿತ್ತು. ಅದನ್ನು ಕೊಂದು, ಆಮೇಲೆ ಹೂವಿಟ್ಟೆ."

ಹಿಂದಿನಿಂದ ಒಬ್ಬಳು ಹೇಳಿದಳು: "ಹೆಪ್ಪು ಮುಗಿದಾಗ ನಾವು ಮೆಣಸಿನಕಾಯಿ ತೊಟ್ಟು ಹಾಕುತ್ತೇವೆ. ಆಗಲೂ ಮೊಸರಾಗುತ್ತದೆ. ಒಣ ತೊಟ್ಟಿನಲ್ಲಿ ಯಾವ ಜೀವ ಸ್ವಾಮಿ?"

ಪಟೇಲರು ವಾದಿಸಲಿಲ್ಲ. ಒಂದು ಗಡಿಗೆಗೆ ತೊಟ್ಟನ್ನು ಹಾಗೇ ಹಾಕಿಸಿದರು, ಇನ್ನೊಂದಕ್ಕೆ ಚೆನ್ನಾಗಿ ಬೇಯಿಸಿ ಹಾಕಿಸಿದರು. ಹಾಗೇ ಹಾಕಿದ್ದು ಮೊಸರಾಯಿತು, ನೀರು ನೀರಾಗಿ, ಬೇರೆ ರುಚಿಯಲ್ಲಿ. ಬೇಯಿಸಿದ್ದು ಆಗಲಿಲ್ಲ. "ತೊಟ್ಟಿನ ಮೇಲೂ ಯಾರೋ ಕುಳಿತು ಬಂದಿದ್ದರು" ಎಂದಳು ಆ ಹೆಂಗಸು.

ಆಗ ಊರಿನ ಜನ ಆ ಚಮಚದ ಸುತ್ತ ಬಗ್ಗಿದರು. ದಿನಾ ಉಂಡ ಮೊಸರನ್ನು ಮೊದಲ ಸಲ ಕಂಡರು. ಅದು ಹಾಲಿನ ಸಿಹಿಯನ್ನು ಉಂಡು ಹುಳಿಯನ್ನು ಬಿಡುತ್ತಿತ್ತು. ಚಳಿಗೆ ಮಂಕಾಗಿ, ಬೆಚ್ಚಗಾದರೆ ಏಳುತ್ತಿತ್ತು. ಸಂಜೆ ಚಮಚದಷ್ಟಿದ್ದದ್ದು ಬೆಳಿಗ್ಗೆ ಗಡಿಗೆ ತುಂಬುತ್ತಿತ್ತು. ಯಾರ ಮನೆಯಿಂದ ಬಂತೋ ಆ ಮನೆಯ ರುಚಿಯನ್ನೇ ಹೊತ್ತು ಬರುತ್ತಿತ್ತು. ಒಬ್ಬ ಗಡಿಗೆಗೆ ಕಿವಿ ಇಟ್ಟ. ಏನೂ ಕೇಳಿಸಲಿಲ್ಲ. ಆದರೂ ಕಿವಿ ತೆಗೆಯಲಿಲ್ಲ.

ಪಟೇಲರು ತೀರ್ಪು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಮ್ಮನ ಹೆಂಡತಿ ಮನೆಗೆ ಹೋಗಿ ಗಂಟು ಬಿಚ್ಚಿ, ಬಟ್ಟಲಲ್ಲಿ ಮೊಸರು ತಂದು ಅಣ್ಣನ ಮುಂದೆ ಇಟ್ಟಿದ್ದಳು.

"ಭಾವ, ಇದು ನಿಮ್ಮ ಗಡಿಗೆಯದೇ. ತೆಗೆದುಕೊಂಡು ಹೋಗಿ. ಹೂವು ಬೇಡ. ಬೆಚ್ಚಗೆ ಇಡಿ, ಸಾಕು."

ಆ ಸಂಜೆ ಕಪ್ಪು ಗಡಿಗೆಗೆ ಒಂದು ಚಮಚ ಬಿತ್ತು. ಅಣ್ಣ ಬಟ್ಟೆ ಕಟ್ಟಿ, ಮನೆಯವರಿಗೆಲ್ಲ ಮೆಲ್ಲಗೆ ನಡೆಯಿರಿ ಎಂದ. ಬೆಳಿಗ್ಗೆ ಬಾಯಿಗಿಟ್ಟಾಗ ಅಪ್ಪನ ರುಚಿ ಇತ್ತು. ಅವನು ಬಹಳ ಹೊತ್ತು ನುಂಗಲಿಲ್ಲ.

ಇಷ್ಟು ಹೇಳಿ ನಾನು ನಿಲ್ಲಿಸಿದೆ.

"ಕತೆ ಚೆನ್ನಾಗಿದೆ. ನನ್ನ ಬೆಂಕಿ ಎಲ್ಲಿ ಹೋಯಿತು?" ಎಂದಳು ಶಿವಲೀಲಾ.

"ಬೆಂಕಿ ಆರಿದರೆ ಏನು ಮಾಡುತ್ತೀ?"

"ಕಡ್ಡಿ ಗೀರುತ್ತೇನೆ."

"ಹೆಪ್ಪು ಮುಗಿದರೆ?"

"ಪಕ್ಕದ ಮನೆಗೆ ಹೋಗುತ್ತೇನೆ."

"ಪಕ್ಕದ ಮನೆಯವಳು ಎಲ್ಲಿಂದ ತಂದಳು? ತವರಿನಿಂದ. ತವರಿಗೆ ಯಾರು ಕೊಟ್ಟರು? ಅವರ ನೆರೆಯವರು. ಬೆಂಕಿಯನ್ನು ಬೆಂಕಿ ಇಲ್ಲದ ಕಡೆಯೂ ಹುಟ್ಟಿಸಬಹುದು. ಇದನ್ನು ಇದರಿಂದಲೇ ತರಬೇಕು. ನಿನ್ನೆಯ ಮೊಸರಿಗೆ ಮೊನ್ನೆಯದು, ಮೊನ್ನೆಯದಕ್ಕೆ ಅದರ ಹಿಂದಿನದು. ಒಂದು ಸಂಜೆಯೂ ತಪ್ಪಿಲ್ಲ. ತಪ್ಪಿದ್ದರೆ ಇವತ್ತಿನ ನಿನ್ನ ಊಟದಲ್ಲಿ ಅದು ಇರುತ್ತಿರಲಿಲ್ಲ."

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ನಾನು ಕೇಳಿದೆ:

"ಈಗ ಹೇಳು, ನಿನ್ನ ಜೀವದ ಹೆಪ್ಪು ಎಲ್ಲಿಯದು?"

ಶಿವಲೀಲಾ ಸುಮ್ಮನಾದಳು.

ಪ್ರತಿ ಅಕ್ಷರವೂ ನಿಜ ಎಂದು ಮೊದಲೇ ಹೇಳಿದ್ದೇನೆ. ಕಾಗೆ ನಿಜ. ಗೊರಕೆ ನಿಜ. ಒಂದು ಸಣ್ಣ ವಿಷಯವನ್ನು ಮಾತ್ರ ನಾನು ಕಟ್ಟಿ ಹೇಳಿದೆ. ಅವಳು ಸುಮ್ಮನಾಗಲಿಲ್ಲ. ಅಂಗೈಯಿಂದ ಕಣ್ಣು ತೆಗೆಯದೆಯೇ ಕೇಳಿದಳು: "ಹಾಗಾದರೆ ಮಾವ, ಪಕ್ಕದ ಮನೆಯೇ ಇಲ್ಲದಿದ್ದ ಕಾಲದಲ್ಲಿ, ಮೊಟ್ಟಮೊದಲ ಸಂಜೆ, ಹೆಪ್ಪು ಎಲ್ಲಿಂದ ಬಂತು?"

ಸುಮ್ಮನಾದವನು ನಾನು.