ಬೆನ್ನಿಗೆ ಬೆನ್ನು ಕೊಟ್ಟ ಗುರವ್ವ ತಾಯಿಯವರು

ಕರಿಮಟ್ಟಿಯ ಗುರವ್ವ ತಾಯಿಯವರ ಬಳಿಗೆ ತಳಮಳ ಹೊತ್ತು ಬಂದವರೆಲ್ಲ ಹಗುರಾಗಿ ಹೋದರೆಂದು ಭಕ್ತರು ಹೇಳುವುದುಂಟು. ಊರ ಹಿರಿಯರಾದ ಬಾಪುಗೌಡರ ಮಟ್ಟಿಗೆ ಆದದ್ದು ತಿರುವುಮುರುವು. ಬರುವಾಗ ಇದ್ದ ತಳಮಳಕ್ಕಿಂತ ಹೋಗುವಾಗಿನದೇ ದೊಡ್ಡದಾಗಿತ್ತು. ಅದೂ ತಾಯಿಯವರ ಕೃಪೆಯೇ ಎಂದು ತಿಳಿಯಲು ಗೌಡರಿಗೆ ಸಮಯ ಹಿಡಿಯಿತು.

ತಾಯಿಯವರ ಮಠಕ್ಕೆ ಕಮಾನಿರಲಿಲ್ಲ, ಗದ್ದುಗೆಯಿರಲಿಲ್ಲ. ಊರ ಹೊರಗೆ ಮುಚ್ಚಿಹೋದ ಹತ್ತಿಯ ಜಿನ್ನು ಗಿರಣಿಯಲ್ಲಿ ಹಿಂದೆ ಕಾವಲುಗಾರನಿದ್ದ ಖೋಲಿಯೇ ಅವರ ಮಠ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು, ಬಂದವರಿಗೆ ರೊಟ್ಟಿ ಬಡಿದು ಹಾಕುವುದು, ಇದೇ ಅವರ ಪೂಜೆ. ಆ ಮುಂಜಾನೆಯೂ ಅವರು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಗೌಡರು ಬಂದರು. ಕುಳಿತುಕೊಳ್ಳಿರೆಂದರೆ ಕೂರಲಿಲ್ಲ. ಬಾಗಿಲಿಗೂ ಬೇವಿನ ಗಿಡಕ್ಕೂ ಅಡ್ಡಾಡಿದರು. ರುಮಾಲು ತೆಗೆದರು, ಮತ್ತೆ ಸುತ್ತಿದರು.

"ತಾಯಿ, ಪಿಂಜಾರರ ಕೇರ್‍ಯಾಗ ಚಕ್ಕಡಿ ಹೂಡಾಕ ಹತ್ಯಾರ್‍ರೀ. ಊರು ಬಿಡ್ತಾರಂತ. ನೀವು ಒಂದ್ ಮಾತು ಹೇಳಿದ್ರ ನಿಲ್ತಾರ."

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ತಿಂಗಳು ಪಿಂಜಾರ ಮಕ್ತುಮಸಾಬ ಪೇಟೆ ಓಣಿಯ ಕಟ್ಟೆಯ ಮೇಲೆ ಕುಳಿತು, ಮದುವೆಮನೆಯೊಂದರ ಗಾದಿಗೆಂದು ಹತ್ತಿ ಹಿಂಜುತ್ತಿದ್ದ. ಹಿಂದಿನಿಂದ ಬಂದ ನಾಲ್ಕಾರು ಹುಡುಗರು ಅವನನ್ನು ಕೆಡವಿ ಬಡಿದರು. ಹಿಂಜುವ ಬಿಲ್ಲನ್ನು ಮುರಿದು, ಹತ್ತಿಗೆ ಬೆಂಕಿ ಹಚ್ಚಿ, "ನಿಮ್ಮ ಜಾತ್ಯಾವ್ರು ಯಾರೂ ಈ ಓಣಿಗೆ ಕಾಲಿಡಬಾರ್ದು" ಎಂದು ಕೂಗಿ ಹೋದರು. ಬೆಂಕಿ ಆರಿಸಲು ಹೋಗಿ ಮಕ್ತುಮಸಾಬನ ಕೈ ಸುಟ್ಟಿತು.

ಗೌಡರು ಸುಮ್ಮನೆ ಕೂರುವ ಜೀವವಲ್ಲ. ತಾವೇ ಮುಂದೆ ನಿಂತು ಕೈಗೆ ಔಷಧ ಮಾಡಿಸಿದರು. ಹೊಸ ಬಿಲ್ಲು ತರಿಸಿದರು. ಹತ್ತಿಯ ಅಂಡಿಗೆಗಳನ್ನು ಅವನ ಅಂಗಳದಲ್ಲಿ ಇಳಿಸಿ, "ಅದೇ ಕಟ್ಟೀ ಮ್ಯಾಲ ರಾಜಾನಂಗ ಕುಂತು ಹಿಂಜು" ಎಂದು ಬೆನ್ನು ತಟ್ಟಿಯೂ ಬಂದರು. ಬೆನ್ನು ತಟ್ಟಿದಾಗ ಅವನು ಬೆಚ್ಚಿಬಿದ್ದದ್ದನ್ನು ಗೌಡರು ಗಮನಿಸಲಿಲ್ಲ. ಕೈ ವಾಸಿಯಾದರೂ ಅವನು ಬಿಲ್ಲು ಹಿಡಿಯದಿದ್ದಾಗ ಅವರಿಗೆ ಸಿಟ್ಟು ಬಂತು.

"ಪೆಟ್ಟು ತಿಂದಾವ ಒಬ್ಬ, ನರಳೋದು ಇಡೀ ಕೇರಿ! ಹೆಣಮಕ್ಕಳು ಬಾವಿಗೆ ಬರವಲ್ಲರು, ಹುಡುಗರನ್ನ ಸಾಲಿಗೆ ಕಳಸವಲ್ಲರು. ಇವರಿಗೆಲ್ಲ ಏನಾಗೇತ್ರೀ? ಕುಡದ ಅಮಲಿನ್ಯಾಗ ಹುಡುಗರು ಏನೋ ಮಾಡಿದ್ರು. ಕ್ಷಮಾ ಮಾಡಿ ಮರೀ ಅಂತ ಹೇಳ್ರಿ."

ತಾಯಿಯವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ತಲೆಯೆತ್ತಿದರು.

"ಕುಡದಾವ್ರು ಅಗಸಿ ಬಾಗಲ ಕಡಿಂದ ಬಂದ್ರಲ್ಲ ಬಾಪು? ದಾರ್‍ಯಾಗ ಯಾರ್‍ಯಾರ ಮನಿ ದಾಟಿದ್ರು?"

ಗೌಡರು ನೆನೆಸಿಕೊಂಡರು. ಬಡಿಗೇರ ಮೌನೇಶ ಬಾಗಿಲಲ್ಲೇ ಕೂತಿದ್ದ. ಎಣ್ಣೆ ಅಂಗಡಿ ತೆರೆದಿತ್ತು. ಅದರಾಚೆ ಗೌಡರದೇ ಮನೆ, ಕಟ್ಟೆಯ ಮೇಲೆ ಗೌಡರೇ ಒರಗಿದ್ದರು. ಹುಡುಗರು ನಮಸ್ಕಾರ ಮಾಡಿ ಮುಂದೆ ಹೋಗಿದ್ದರು.

"ಅವರ್‍ಯಾರನ್ನೂ ಮುಟ್ಟಲಿಲ್ಲ?"

ನಮಸ್ಕಾರ ಮಾಡಿದವರಲ್ಲಿ ಮುಂದಿದ್ದವನು ಅವರ ತಮ್ಮನ ಮಗ ಚನಬಸು. ವಿಚಾರಿಸಲು ಬಂದ ಪೊಲೀಸರೆದುರು, ಯಾರೆಂದು ಕಾಣಲಿಲ್ಲ ಎಂದು ಗೌಡರು ಹೇಳಿಬಿಟ್ಟಿದ್ದರು. ಹತ್ತಿ, ಬಿಲ್ಲು, ಔಷಧ, ಎಲ್ಲವೂ ಆ ಮಾತಿನ ಮೇಲೆ ಹೊದಿಸಿದ ಹೊದಿಕೆ.

"ಮಕ್ತುಮನ ಕೂಡ ಅವರಿಗೆ ಜಗಳ ಇರಲಿಲ್ಲ. ಅವ ಪಿಂಜಾರ, ಅಷ್ಟ ಸಾಕಾತು. ಹಂಗಾದ್ರ ನಾಳೆ ಯಾರ ಪಾಳಿ ಅಂತ ಕೇರಿಗೆ ಕೇರೀನ ಅಂಜೂದಿಲ್ಲೇನು?" ಎಂದು ತಾಯಿಯವರು ಎದ್ದರು. ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಕೇರಿಯ ಕಡೆ ನಡೆದೇಬಿಟ್ಟರು. ಗೌಡರು ಹಿಂಬಾಲಿಸಿದರು.

ಕೇರಿಯಲ್ಲಿ ಮಕ್ತುಮಸಾಬನ ಚಕ್ಕಡಿಗೆ ಅರ್ಧ ಸಾಮಾನು ಏರಿತ್ತು. ಹೆಂಡತಿ ಖಾಜಾಬಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಕ್ಷಮಿಸು, ಮರೆ, ನಿಲ್ಲು ಎಂಬ ಮಾತು ಯಾವುದೂ ತಾಯಿಯವರ ಬಾಯಿಂದ ಬರಲಿಲ್ಲ.

"ಮಕ್ತುಮಾ, ಮಠದಾಗ ಒಬ್ಬಾಕಿ ಬಾಣಂತಿ ಬಂದಾಳ. ಕೂಸಿಗೊಂದು ಗಾದಿ ಬೇಕು. ಹೋಗೂದಾದ್ರ ಹೋಗು, ಅದಷ್ಟು ಹಿಂಜಿ ಕೊಟ್ಟು ಹೋಗ್ತಿಯೇನಪಾ?"

ತಾಯಿಯವರ ಮಾತಿಗೆ ಅವನು ಇಲ್ಲವೆನ್ನಲಾರದಾದ. ಮೂಗು ಬಾಯಿಗೆ ಅರಿವೆ ಕಟ್ಟಿ ಅಂಗಳದಲ್ಲಿ ಕುಳಿತ. ಬಿಲ್ಲಿಗೆ ಬಿಗಿದ ನರದ ತಂತಿಗೆ ಮರದ ಕೊಡತಿಯಿಂದ ಬಡಿದ. ಟಂಯ್ ಎಂಬ ಸದ್ದು ಅಂಗಳ ತುಂಬಿತು, ಹತ್ತಿಯ ನವಿರು ಕಣ್ಣ ಮುಂದೆ ಎದ್ದಿತು. ಇನ್ನೊಂದು ಪೆಟ್ಟು ಹಾಕಿದವನು ಥಟ್ಟನೆ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮತ್ತೆ ಬಡಿದ, ಮತ್ತೆ ತಿರುಗಿದ. ಹಣೆಯ ಮೇಲೆ ಬೆವರು ಸಾಲುಗಟ್ಟಿತು.

ಹುಟ್ಟಿದಾಗಿನಿಂದ ಹತ್ತಿ ಹಿಂಜುವುದನ್ನು ಕಂಡ ಗೌಡರು ಅಂದು ಅದನ್ನು ನಿಜವಾಗಿ ನೋಡಿದರು. ಬಿಲ್ಲು ಮೊಳಗುವಾಗ ಹಿಂಜುವವನ ಕಿವಿಗೆ ಹೆಜ್ಜೆ ಸಪ್ಪಳ ಕೇಳದು, ನವಿರಿನಲ್ಲಿ ಕಣ್ಣು ಕಾಣದು. ಓಣಿಯ ಕಡೆ ಬೆನ್ನು ಹಾಕಿ ಕೂರುವವನಿಗೆ ಊರಿನ ಮೇಲೆ ನಂಬಿಕೆಯಿರಬೇಕು. ಆ ನಂಬಿಕೆಯನ್ನು ಮುರಿದು, ಬರೀ ಬಿಲ್ಲನ್ನು ತಂದುಕೊಟ್ಟು, ಕೆಲಸ ಮಾಡು ಎಂದು ಗದರಿಸಿದ್ದೆವಲ್ಲ ಎಂದು ಗೌಡರಿಗೆ ಆಗ ಹೊಳೆಯಿತು.

ತಾಯಿಯವರು ಮಾತಿಲ್ಲದೆ ಹೋಗಿ ಮಕ್ತುಮಸಾಬನ ಹಿಂದೆ ಕುಳಿತರು. ಬಾಗಿಲಿನ ಕಡೆ ಮುಖ ಮಾಡಿ, ತಮ್ಮ ಬೆನ್ನನ್ನು ಅವನ ಬೆನ್ನಿಗೆ ಆನಿಸಿ, ಕೌದಿ ಹೊಲಿಯತೊಡಗಿದರು. ಒಂದು ಪೆಟ್ಟು ಬಿತ್ತು. ತಡೆದು ಇನ್ನೊಂದು. ಬರಬರುತ್ತ ಪೆಟ್ಟು ಲಯಕ್ಕೆ ಬಂತು. ಗೋಣಿ ಹಿಡಿದಿದ್ದ ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಕೂಸಿನ ಗಾದಿಗೆ ಸಾಕಾಗುವಷ್ಟು ಹತ್ತಿ ಅರಳಿದ ಮೇಲೆ ತಾಯಿಯವರು ಗೌಡರನ್ನು ನೋಡಿದರು.

"ನಾ ಮುದುಕಿ, ಬಾಪು. ಈ ಜಾಗಾ ನಂದಲ್ಲ."

ಗೌಡರು ಮಕ್ತುಮಸಾಬನ ಮುಂದೆ ಬಂದು ನಿಂತರು. ಕೇಳಲು ಅವರಿಗೆ ಅಂಜಿಕೆಯಾಯಿತು. "ಪ್ಯಾಟಿ ಓಣ್ಯಾಗ ನಾ ಹಿಂಗ ಕುಂತ್ರ, ನೀ ಬರ್ತಿಯೇನು?"

ಅವನು ಸುಟ್ಟ ಕೈ ನೋಡಿಕೊಂಡ. "ನೋಡೂಣ್ರಿ" ಎಂದ. ಚಕ್ಕಡಿಯ ಸಾಮಾನು ಇಳಿಸಲಿಲ್ಲ.

ಅಂದು ಮಧ್ಯಾಹ್ನ ಪೇಟೆ ಓಣಿ ಕೆಲಸ ಬಿಟ್ಟು ನಿಂತಿತು. ಕಟ್ಟೆಯ ಮೇಲೆ ಮಕ್ತುಮಸಾಬ ಹಿಂಜುತ್ತಿದ್ದ. ಅವನ ಬೆನ್ನಿಗೆ ಬೆನ್ನಾಗಿ ಓಣಿಯನ್ನು ನೋಡುತ್ತ ಬಾಪುಗೌಡರು ಕುಳಿತಿದ್ದರು. ಬರುವ ಒಬ್ಬೊಬ್ಬರ ಕೈಯನ್ನೂ ಗೌಡರ ಕಣ್ಣು ಹುಡುಕುತ್ತಿತ್ತು. ಬುತ್ತಿ ಹಿಡಿದವನೋ, ಕೋಲು ಹಿಡಿದವನೋ? ತಮ್ಮದೇ ಊರಿನ ಜನವನ್ನು ಹೀಗೆ ಅಳೆಯುವ ಪಾಡು ಅವರಿಗೆ ಹೊಸದು. ಅಷ್ಟರಲ್ಲಿ ಚನಬಸು ಗೆಳೆಯರೊಂದಿಗೆ ಅಗಸಿಯ ಕಡೆಯಿಂದ ಬಂದ. ಅವರ ನಗು ಕೇಳಿ ಬಿಲ್ಲು ನಿಂತಿತು. ಮಕ್ತುಮಸಾಬನ ಬೆನ್ನು ಥರಥರ ನಡುಗಿದ್ದು ಅಂಗಿಯ ಮೇಲಿಂದಲೇ ಗೌಡರ ಬೆನ್ನಿಗೆ ತಾಗಿತು.

"ದೊಡ್ಡಪ್ಪಾ, ಇಲ್ಲ್ಯಾಕ ಕುಂತಿ? ನಗತಾರ ಮಂದಿ. ಏಳು, ಮನಿಗೆ ಹೋಗೂಣು."

ಗೌಡರು ಕೂತಲ್ಲಿಂದ ಅಲುಗಲಿಲ್ಲ. ಓಣಿಗೆಲ್ಲ ಕೇಳುವಂತೆ ಹೇಳಿದರು: "ಚನಬಸ್ಯಾ, ಅವತ್ತು ಈ ಕಟ್ಟೀಗೆ ಬಂದಾವ್ರಾಗ ನೀನೂ ಇದ್ದಿ. ನಾ ನೋಡೀನಿ. ನೋಡಿಲ್ಲಂತ ಸುಳ್ಳು ಹೇಳೀನಿ. ಇವತ್ತ ಠಾಣೇಕ ಹೋಗಿ ನಿನ್ನ ಹೆಸರು ಬರಸ್ತೀನಿ, ನನ್ನ ಸುಳ್ಳೂ ಬರಸ್ತೀನಿ."

ಚನಬಸುವಿನ ಮುಖದ ನಗು ಇಳಿಯಿತು. ಗೆಳೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಾಗಿಲಲ್ಲಿ ನಿಂತಿದ್ದ ಬಡಿಗೇರ ಮೌನೇಶ ಮೆಲ್ಲಗೆ ಬಂದು, "ನಾನೂ ನೋಡೀನ್ರಿ ಗೌಡ್ರ" ಎಂದು ಕಟ್ಟೆಯ ತುದಿಯಲ್ಲಿ ಕುಳಿತ.

ಗೌಡರು ಠಾಣೆಗೆ ಹೊರಡಲೆಂದು ಕಟ್ಟೆಗೆ ಕೈಯೂರಿದರು. ಆಗ ಹಿಂದಿನಿಂದ, ಅರಿವೆ ಕಟ್ಟಿದ ಬಾಯಿಂದ, ಸಣ್ಣ ದನಿ ಬಂತು.

"ಈಗ ಏಳಬ್ಯಾಡ್ರಿ ಗೌಡ್ರ. ಇನ್ನೂ ಹತ್ತಿ ಐತಿ."

ಗೌಡರು ಮತ್ತೆ ಬೆನ್ನು ಆನಿಸಿ ಕುಳಿತರು.