ಬೆರಳಿಗೆ ಸಿಗುವ ಬಾಗಿಲು

ಶೈಲಾಳ ಅತ್ತೆಗೆ ಕಣ್ಣು ಮಂಜಾಗಿತ್ತು. ಆದರೂ ಹಳೆಯ ಕಪಾಟಿನ ಅಂಚು ಸವರಿ ಸಕ್ಕರೆ, ಚಹಾಪುಡಿ ಹುಡುಕಿಕೊಳ್ಳುತ್ತಿದ್ದರು. ಸಂಜೆ ಪಕ್ಕದ ಬೀದಿಯಿಂದ ಹಿರಿಮಗ ವೀರಭದ್ರಪ್ಪ ಬಂದರೆ ಅವನಿಗೆ ಅವರೇ ಚಹಾ ಮಾಡಬೇಕು.

ಅವ್ವನ ಅಡುಗೆಮನೆ ಹೊಸದು ಮಾಡಿಸಲು ಆ ವೀರಭದ್ರಪ್ಪನೇ ಹೊರಟ. ಕಪಾಟಿನ ಅಂಗಡಿಯಲ್ಲಿ ಕಿರಿಸೊಸೆ ಶೈಲಾ ‘ಶೇಕರ್’ ಎಂಬ ಮಾದರಿಯ ಬಾಗಿಲು ತೋರಿಸಿದಳು. ಸುತ್ತ ಉಬ್ಬಿದ ಚೌಕಟ್ಟು, ನಡುವೆ ತಗ್ಗು, ಡ್ರಾಯರಿಗೂ ಹಾಗೆಯೇ. ಮುಟ್ಟಿದರೆ ಗೊತ್ತಾಗುತ್ತದೆ.

"ಅದು ಹಳೇ ಕಾಲದ್ದು! ಕನ್ನಡಿ ಹಂಗೆ ಹೊಳೀಬೇಕು, ಹಿಡಿಕೆನೂ ಕಾಣಬಾರದು. ಮಾಡಿಸೋನು ನಾನು," ಎಂದು ವೀರಭದ್ರಪ್ಪ ಅಲ್ಲೇ ಇದ್ದ ಹೊಳೆಯುವ ಮಾದರಿ ಕಪಾಟು ತೋರಿಸಿದ.

"ನೀವು ಹೇಳಿದ್ದೇ ಆಗಲಿ ಭಾವ. ಅತ್ತೆಗೆ ನೀವೇ ಕಲಿಸಬೇಕಲ್ಲ, ಒಂದ್ಸಲ ಕಣ್ಣು ಮುಚ್ಚಿ ಅದರಲ್ಲಿ ಸಕ್ಕರೆ ಡ್ರಾಯರ್ ಅಂದ್ಕೊಂಡು ಒಂದು ತೆಗೀರಿ."

ಅವನು ಜಂಬದಿಂದ ಕಣ್ಣು ಮುಚ್ಚಿದ. ನುಣ್ಣನೆಯ ಹಲಗೆ ಸವರಿದ, ತಟ್ಟಿದ, ಸವರುತ್ತ ಸವರುತ್ತ ಅಂಗಡಿಯ ಹೊಸ್ತಿಲವರೆಗೂ ಹೋದ.

"ಭಾವ, ಸಕ್ಕರೆ ಹಿಂದೆ ಉಳೀತು. ಇನ್ನೊಂದು ಹೆಜ್ಜೆ ಇಟ್ಟರೆ ಬಸ್ ಸ್ಟ್ಯಾಂಡು!"

ಅಂಗಡಿಗೆ ಅಂಗಡಿಯೇ ನಕ್ಕಿತು. ವೀರಭದ್ರಪ್ಪನ ಕಿವಿ ಕೆಂಪಾಯಿತು. "ಅವಳು ಹೇಳಿದ್ದನ್ನೇ ಹಾಕಿ," ಎಂದು ಹೊರಟುಹೋದ.

ಶೇಕರ್ ಬಾಗಿಲು ಬಂದವು. ಅತ್ತೆ ಅಂಚು ಸವರಿ ಮೊದಲ ಸಲಕ್ಕೇ ಸಕ್ಕರೆ ತೆಗೆದು ಹಿಗ್ಗಿದರು.

ವೀರಭದ್ರಪ್ಪ ಮಾತ್ರ ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಶೈಲಾ ಹೋಗಿ ಕರೆದಳು. "ಅಂಗಡೀಲಿ ನಕ್ಕರಲ್ಲ, ಅವರಿಗೆ ಕುಡಿಸಮ್ಮ ಚಹಾ," ಎಂದ.

ಅತ್ತೆ ಈಗಲೂ ಸಂಜೆ ಅವನ ಲೋಟ ತುಂಬಿಸಿಡುತ್ತಾರೆ. "ವೀರೂ ಬಂದನೇನೇ?" ಎಂದು ಕೇಳುತ್ತಾರೆ.

ಯಾರ ಮಾತಿಗೂ ಸೋಲದ ಶೈಲಾ ತಣ್ಣಗಾದ ಲೋಟ ಎತ್ತಿಕೊಂಡು ಚಹಾ ಮತ್ತೆ ಬಿಸಿಗಿಡುತ್ತಾಳೆ.