ಬಾನೆಟ್ಟಿನ ಮೇಲೆ ಬರೆದ ರೋಗ

ಕೃಷ್ಣೆಯ ದಂಡೆಯಲ್ಲೊಂದು ತಗಡಿನ ಶೆಡ್ಡು. ಅಲ್ಲಿ ಮೋಟಾರು ರಿಪೇರಿಯ ಗುರು ದಸ್ತಗೀರಸಾಬ. ಆರು ವರ್ಷದಿಂದ ಅವನ ಕೈಕೆಳಗೆ ಕಲಿಯುತ್ತಿದ್ದ ಶಿಷ್ಯೆ ನೀಲವ್ವ.

ಆ ಶೆಡ್ಡಿಗೊಂದು ಕಟ್ಟಳೆಯಿತ್ತು. ಗಾಡಿಯ ರೋಗ ಏನೆಂದು ಗುರು ಬಾನೆಟ್ಟಿನ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ರಿಪೇರಿ ಮುಗಿಯುವತನಕ ಅದನ್ನು ಯಾರೂ ಒರೆಸುವಂತಿರಲಿಲ್ಲ. ಒರೆಸುವ ಧೈರ್ಯವಾದರೂ ಯಾರಿಗಿತ್ತು?

ಒಂದು ಮುಂಜಾನೆ ಗುರುಪಾದನೆಂಬ ಗಿರಾಕಿ ತನ್ನ ಡೀಸೆಲ್ ಜೀಪನ್ನು ಮತ್ತೆ ತಂದು ನಿಲ್ಲಿಸಿದ. ಎರಡು ತಿಂಗಳ ಹಿಂದೆ ಇದೇ ಶೆಡ್ಡಿನಲ್ಲಿ, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊವನ್ನು ಕಿತ್ತು ಹೊಸದನ್ನು ಕೂರಿಸಿದ್ದರು. ಆದರೂ ಗಾಳಿಯ ಪೈಪಿನೊಳಗೆ ಮತ್ತೆ ಎಣ್ಣೆ ಜಿನುಗುತ್ತಿತ್ತು.

ದಸ್ತಗೀರಸಾಬ ಪೈಪಿನೊಳಗೆ ಬೆರಳಾಡಿಸಿ ಮೂಸಿ ನೋಡಿದ. ಬಾನೆಟ್ಟಿನ ಮೇಲೆ ದೊಡ್ಡದಾಗಿ ಬರೆದ: ಟರ್ಬೊ.

“ಹೊಸದೂ ಖೊಟ್ಟಿ ಬಂದೈತಿ. ಕಳಚು.”

ನೀಲವ್ವ ನಟ್ಟು ಬಿಚ್ಚುವ ಪಾನಾ ಎತ್ತಿಕೊಳ್ಳಲಿಲ್ಲ.

“ಕಳಚೂದಿಲ್ಲರೀ ಉಸ್ತಾದ್.”

ಗುರುಪಾದನ ಕೈಯಲ್ಲಿದ್ದ ಚಹಾ ಬಾಯಿಗೆ ಹೋಗದೆ ನಿಂತಿತು. ಮೂವತ್ತು ವರ್ಷದಲ್ಲಿ ಆ ಶೆಡ್ಡು ಇಂಥ ಮಾತು ಕೇಳಿರಲಿಲ್ಲ.

“ಯಾಕ?” ಗುರು ಕೇಳಿದ.

“ಟರ್ಬೊ ಕೆಟ್ಟಿದ್ರ ಅದರ ಚಕ್ರ ಅಳ್ಳಾಡಬೇಕು. ಈಗ ಹಿಡಿದು ನೋಡೇನಿ. ಕೂದಲೆಳಿಯಷ್ಟೂ ಅಳ್ಳಾಡವಲ್ದು. ಹಳೇದೂ ಹಿಂಗ ಗಟ್ಟಿ ಇತ್ತು. ಆವತ್ತ ಹೇಳಬೇಕಂತ ಮಾತು ಬಾಯಿಮಟ ಬಂದಿತ್ತು. ನಿಮಗ ಅಂಜಿ ನುಂಗಿಕೊಂಡೆ.”

“ಇವತ್ತ ಅಂಜಿಕಿ ಇಲ್ಲೇನು?”

“ಐತ್ರಿ. ಆದ್ರ ಕಳಚೂದಿಲ್ಲ.”

ಗುರುವಿನ ಮುಖ ಕೆಂಪೇರಿತು. “ಹಂಗಾದ್ರ ರೋಗ ಎಲ್ಲೈತಿ ನೀನ ತೋರಿಸು. ತಪ್ಪಿದ್ರ ನಾಳಿಂದ ಇಲ್ಲಿ ಕಾಲಿಡಬ್ಯಾಡ.”

“ಆತು,” ಎಂದಳು ನೀಲವ್ವ. ಹೆಂಗಸಿನ ಕೈಗೆ ಪಾನಾ ಕೊಡುವ ಜಾಗ ಸುತ್ತ ಹತ್ತೂರಲ್ಲಿ ಇದೊಂದೇ ಇತ್ತು.

ಗಾಳಿಯ ಪೈಪುಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಳು. ಹಳೇ ಧೋತರದ ಚೂರಿಗೆ ಕಲೆ ಹತ್ತದಿರುವತನಕ ಒರೆಸಿದಳು.

“ಇದೇನು, ಪಾತ್ರಿ ತಿಕ್ಕಾಕ ಕುಂತಿ?” ಗುರು ಕುಟುಕಿದ.

“ನೀವ ಕಲಿಸಿದ್ದರೀ, ಮೊದಲನೇ ದಿನ. ಹಳೇ ಎಣ್ಣಿ ನಂಬಬ್ಯಾಡ, ಒರಿಸಿ ಗಾಡಿ ಓಡಿಸು, ಹೊಸಾ ಎಣ್ಣಿ ಎಲ್ಲಿಂದ ಸುರು ಆಗತೈತಿ ಅಲ್ಲಿ ನೋಡು ಅಂದಿದ್ರಿ. ಎರಡು ತಿಂಗಳ ಹಿಂದ ನೀವು ಒರಿಸಲಿಲ್ಲ. ಇವತ್ತೂ ಒರಿಸಲಿಲ್ಲ.”

ದಸ್ತಗೀರಸಾಬ ಜೀಪಿನ ಚಾವಿ ಎತ್ತಿಕೊಂಡ.

ಪೈಪು ಜೋಡಿಸಿ, ಮೂವರೂ ಜೀಪು ಹತ್ತಿ, ಸೇತುವೆಯಾಚೆಯ ಏರು ಹತ್ತಿಸಿ ತಿರುಗಿ ಬಂದರು. ಎಂಜಿನ್ನು ಆರುವತನಕ ಕಾಯುವುದೇ ನೀಲವ್ವನಿಗೆ ದೊಡ್ಡ ಶಿಕ್ಷೆಯಾಯಿತು. ಕೊನೆಗೆ, ಗಾಳಿ ಸೋಸುವ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪು ಬಿಚ್ಚಿ ಗುರುವಿನ ಮುಂದೆ ಹಿಡಿದಳು.

“ನೀವ ಬೆರಳ ಹಾಕ್ರಿ.”

ಫಿಲ್ಟರಿನ ಕಡೆಯಿಂದ ಬೆರಳು ಒಣದಾಗಿಯೇ ಬಂತು. ನಡುವೆ, ಎಂಜಿನ್ನಿನ ಹೊಟ್ಟೆಯ ಹಬೆ ತರುವ ಸಣ್ಣ ಕೊಳವೆ ಸೇರುವಲ್ಲಿ ಎಣ್ಣೆ ಹತ್ತಿತು. ಟರ್ಬೊ ಅಲ್ಲಿಂದ ಇನ್ನೂ ಒಂದು ಗೇಣು ಮುಂದಿತ್ತು.

“ಟರ್ಬೊ ಮುಟ್ಟೂಕಿಂತ ಮೊದಲ ಎಣ್ಣಿ ಬಂದೈತಿ. ಪಾಪ, ಅದು ಕುಡ್ಯಾಕತ್ತೈತಿ, ಉಗುಳಾಕತ್ತಿಲ್ಲ.”

ಆ ಕೊಳವೆಯ ಬುಡದ ಡಬ್ಬಿಯನ್ನೂ ತೆರೆದಳು. ಹಬೆಯಲ್ಲಿದ್ದ ಎಣ್ಣೆ ಎಂಜಿನ್ನಿಗೆ ವಾಪಸು ಇಳಿಯಬೇಕಾದ ತೂತು ಕಪ್ಪು ರಾಡಿಯಿಂದ ಕಟ್ಟಿಕೊಂಡಿತ್ತು.

ಗುರುಪಾದ ಇಬ್ಬರ ಮುಖವನ್ನೂ ನೋಡಿದ. “ಹಂಗಾರ ಆವತ್ತ ತೆಗೆದ ನನ್ನ ಹಳೇ ಟರ್ಬೊ?”

“ನೆಟ್ಟಗಿತ್ತು,” ಎಂದ ದಸ್ತಗೀರಸಾಬ. “ತಪ್ಪು ನಂದು.”

ನೀಲವ್ವ ಧೋತರದ ಚೂರು ಹಿಡಿದು ಬಾನೆಟ್ಟಿನ ಮುಂದೆ ನಿಂತಳು. ಗುರುವಿನ ಕಣ್ಣಲ್ಲಿ ಕಣ್ಣಿಟ್ಟು, ಅವನ ಅಕ್ಷರಗಳನ್ನು ಒಂದೊಂದಾಗಿ ಒರೆಸಿದಳು. ಅಂಜಿಕೆ ಇನ್ನೂ ಇತ್ತು.

ದಸ್ತಗೀರಸಾಬ ಕಿಸೆಯಿಂದ ಸೀಮೆಸುಣ್ಣ ತೆಗೆದು ಅವಳ ಅಂಗೈಯಲ್ಲಿಟ್ಟ.

“ಈಗ ನಿಂದು ಬರಿ. ನಿನ್ನ ಹಂಗ, ನಿನ್ನ ತಪ್ಪನ್ನೂ ಒರಸೂ ಶಿಷ್ಯರೊಬ್ಬರು ಬರೂತನಕ ಈ ಶೆಡ್ಡಿನ ಬಾಗಲಾ ಹಾಕಬ್ಯಾಡ.”